ಸವತಿಯ ಡಬ್ಬಿ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹದಿನೇಳು ಸ್ಟೀಲ್ ಪಾತ್ರೆಗಳಿವೆ. ಅವುಗಳ ಮೇಲೆ ಕೊರೆದಿರುವ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ. ಉಳಿದ ಪಾತ್ರೆಗಳ ಮೇಲೆ ಮಾವನವರ ಹೆಸರಿದೆ, ನಮ್ಮ ಯಜಮಾನರ ಹೆಸರಿದೆ, ಮದುವೆಗಳಲ್ಲಿ ಉಡುಗೊರೆಯಾಗಿ ಆಯೇರಿ ಮಾಡಿದ ಬೀಗರ ಹೆಸರುಗಳಿವೆ. ಈ ಹದಿನೇಳರ ಮೇಲೆ ಮಾತ್ರ ಮೂರಕ್ಷರದ ಒಂದು ಹೆಣ್ಣಿನ ಹೆಸರು, ಅದರ ಕೆಳಗೆ ಸಣ್ಣದಾಗಿ ಊರಿನ ಒಂದು ಸಹಕಾರಿ ಬ್ಯಾಂಕಿನ ಹೆಸರು. ಊಟಕ್ಕೆ ಕೂತ ಹೊಸಬರು ಸಾರಿನ ವಾಟಗದ ಮೇಲಿನ ಅಕ್ಷರ ಓದಿ ಇದು ಯಾರು ಎಂದು ಕೇಳುವುದುಂಟು. ನಾನೇ ಎನ್ನುತ್ತೇನೆ. ಅವರು ಇನ್ನೊಮ್ಮೆ ವಾಟಗ ನೋಡುತ್ತಾರೆ, ಇನ್ನೊಮ್ಮೆ ನನ್ನನ್ನು ನೋಡುತ್ತಾರೆ, ಆಮೇಲೆ ಸಾರು ಹಾಕಿಸಿಕೊಳ್ಳುತ್ತಾರೆ.

ಅದು ನಮ್ಮಪ್ಪ ನನ್ನನ್ನು ತೊಟ್ಟಿಲಿಗೆ ಹಾಕಿ ಇಟ್ಟ ಹೆಸರು. ಮದುವೆಯಾಗಿ ಹುಬ್ಬಳ್ಳಿ ಗೋಪನಕೊಪ್ಪದ ಈ ಮನೆಗೆ ಬಂದ ದಿನ ಅದು ಹೋಯಿತು. ನಮ್ಮ ಕಡೆ ಬಹಳ ಮನೆಗಳಲ್ಲಿ ಈ ಪದ್ಧತಿ ಇದೆ. ಅಗಲ ತಟ್ಟೆಯಂಥ ಪರಾತದಲ್ಲಿ ಅಕ್ಕಿ ಹರವುತ್ತಾರೆ, ಗಂಡನಾದವನು ಕೈಯ ಉಂಗುರ ತೆಗೆದು ಅದರಿಂದ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾನೆ, ಸುತ್ತ ಕೂತವರು ಓದಿ ಹೇಳುತ್ತಾರೆ, ಹೆಣ್ಣಿಗೆ ಅಂದಿನಿಂದ ಅದೇ ಹೆಸರು. ನಮ್ಮ ಯಜಮಾನರು ಬರೆಯುವಾಗ ಎರಡನೆಯ ಅಕ್ಷರ ಕೆಟ್ಟು, ಅಳಿಸಿ ಮತ್ತೆ ಬರೆದರು. ಎಲ್ಲರೂ ನಕ್ಕರು. ಸಂಜೆ ಅದೇ ಅಕ್ಕಿಯನ್ನು ಆರಿಸಿ ಅನ್ನಕ್ಕಿಟ್ಟರು. ಅಕ್ಕಿ ಮುಗಿಯಿತು, ಹೆಸರು ಉಳಿಯಿತು.

ದೂರು ಹೇಳುತ್ತಿಲ್ಲ. ಅವರು ಇಟ್ಟದ್ದು ದೇವಿಯ ಹೆಸರು, ಒಳ್ಳೆಯ ಹೆಸರು. ಮೂವತ್ತೈದು ವರ್ಷ ಅದನ್ನು ಕರೆದರೆ ಓಗೊಟ್ಟಿದ್ದೇನೆ. ಮಕ್ಕಳ ಶಾಲೆಯ ಕಾಗದದಲ್ಲಿ, ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ ಅದೇ ಇದೆ. ಮಠದಲ್ಲಿ ಅಭಿಷೇಕಕ್ಕೆ ಚೀಟಿ ಬರೆಸುವಾಗಲೂ ಅದನ್ನೇ ಹೇಳುತ್ತೇನೆ. ಶಿವನಿಗೆ ಎರಡೂ ಗೊತ್ತಿರುತ್ತದೆ, ಅವನಿಗೆ ಬಿಡಿಸಿ ಹೇಳಬೇಕಾದ್ದೇನೂ ಇಲ್ಲ.

ಹಳೆಯ ಹೆಸರು ಎಲ್ಲ ಕಡೆಯಿಂದ ಹೋದರೂ ಒಂದು ಕಡೆ ಉಳಿದದ್ದು ಆ ಬ್ಯಾಂಕಿನಲ್ಲಿ.

ನಮ್ಮಪ್ಪ ಗರಗದವರು. ಹುಬ್ಬಳ್ಳಿಯ ಒಂದು ಅರಳೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಪೇಟೆಯ ವ್ಯಾಪಾರಸ್ಥರು ಕೂಡಿ ನಡೆಸುತ್ತಿದ್ದ ಆ ಬ್ಯಾಂಕು ಅವರ ಅಂಗಡಿಯಿಂದ ನಾಲ್ಕು ಹೆಜ್ಜೆ. ದೊಡ್ಡದೇನಲ್ಲ, ಕೆಳಗೆ ಕೌಂಟರು, ಮೇಲೆ ಒಂದು ಹಾಲು. ಆ ಹಾಲಿನಲ್ಲಿ ನಮ್ಮಂಥವರ ಎಷ್ಟೋ ಮನೆಗಳ ನಿಶ್ಚಯ, ಹೆಸರಿಡುವುದು, ಹದಿಮೂರನೆಯ ದಿನ ಎಲ್ಲ ನಡೆದಿವೆ. ಬೇಸಿಗೆಯಲ್ಲಿ ಬಾಗಿಲ ಮುಂದೆ ಮಣ್ಣಿನ ಹರವಿಗಳಲ್ಲಿ ನೀರು ಇಡುತ್ತಿದ್ದರು. ಹತ್ತನೆಯ ಇಯತ್ತೆಯಲ್ಲಿ ಪಾಸಾದ ಸದಸ್ಯರ ಮಕ್ಕಳ ಹೆಸರನ್ನು ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಗೋಪನಕೊಪ್ಪದ ಈ ಓಣಿಯ ಹಿಟ್ಟಿನ ಗಿರಣಿ, ಬಾಜೂ ಮನೆಯ ಚಾಚಿಯ ಗಂಡನ ಗ್ಯಾರೇಜು ಅದರ ಕೈ ಹಿಡಿದೇ ಎದ್ದು ನಿಂತವು. ಅಡುಗೆಮನೆಯ ಗೋಡೆಗೆ ಅವರದೇ ಕ್ಯಾಲೆಂಡರು, ಅದರ ಮೇಲೆ ಹಾಲಿನ ಲೆಕ್ಕ, ಅಮಾವಾಸ್ಯೆ, ಏಕಾದಶಿ, ನಮ್ಮ ಮನೆಯ ಆಕಳು ಕರು ಹಾಕಿದ ದಿನ.

ನನಗೆ ಹದಿನೆಂಟು ತುಂಬಿದ ತಿಂಗಳೇ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದು ಒಂದು ಷೇರು ಕೊಡಿಸಿದರು, ಖಾತೆ ತೆಗೆಸಿದರು. ಅವ್ವ ಮನೆಯಲ್ಲಿ ಇದೆಲ್ಲ ಯಾಕೆ, ನಾಳೆ ಕೊಟ್ಟ ಮನೆಗೆ ಹೋಗುವವಳು ಎಂದಿದ್ದಳು. ಅಪ್ಪ ಬ್ಯಾಂಕಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತ ನನಗೆ ಹೇಳಿದರು:

“ಗಂಡಮಕ್ಕಳ ಹೆಸರು ಹೊಲದಾಗ ಬರತೈತಿ, ಮನ್ಯಾಗ ಬರತೈತಿ. ನಿನ್ನ ಹೆಸರು ಎಲ್ಲೆರ ಒಂದ ಕಡೆ ಇರಲಿ ತಂಗೀ.”

ಆಗಲೂ ಬ್ಯಾಂಕಿಗೆ ಹೋಗುವಾಗ ಯಾರೂ ಚಪ್ಪಲಿ ಹೊರಗೆ ಬಿಡುತ್ತಿರಲಿಲ್ಲ. ಅಪ್ಪ ಬಿಡುತ್ತಿದ್ದರು. ನಾನೂ ಬಿಟ್ಟೆ.

ಆ ಬ್ಯಾಂಕಿನ ಪದ್ಧತಿಯೊಂದಿತ್ತು. ವರ್ಷಕ್ಕೊಮ್ಮೆ ಸದಸ್ಯರ ಮಹಾಸಭೆ ಆದಾಗ ಬಂದವರಿಗೆಲ್ಲ ಶಿರಾ ಉಪ್ಪಿಟ್ಟು ಕೊಟ್ಟು, ಹೋಗುವಾಗ ಒಂದೊಂದು ಸ್ಟೀಲ್ ಪಾತ್ರೆ ಕೈಗಿಡುತ್ತಿದ್ದರು. ಒಂದು ವರ್ಷ ಡಬ್ಬಿ, ಒಂದು ವರ್ಷ ತಾಟು, ಒಂದು ವರ್ಷ ಚರಗಿ. ಎಲ್ಲರಿಗೂ ಒಂದೇ ಥರದ್ದು ಕೊಟ್ಟರೆ ಮನೆಗೆ ಹೋಗುವುದರೊಳಗೆ ಅದಲುಬದಲಾಗುತ್ತದೆ ಎಂದೋ ಏನೋ, ಪ್ರತಿ ಪಾತ್ರೆಯ ಮೇಲೂ ಸದಸ್ಯರ ಹೆಸರು ಕೊರೆಸಿರುತ್ತಿದ್ದರು. ಬ್ಯಾಂಕಿನ ಪುಸ್ತಕದಲ್ಲಿ ಹೇಗಿದೆಯೋ ಹಾಗೆ. ನನ್ನದು ಅಪ್ಪ ಬರೆಸಿದ ಹಾಗೆ ಇತ್ತು. ಮದುವೆಯಾದ ಮೇಲೆ ಹೆಸರು ಬದಲಿಸಬೇಕು ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮದುವೆಯಾದ ಮರುವರ್ಷ ಅಪ್ಪ ಸಭೆಯಿಂದ ನನ್ನ ಪಾಲಿನ ಡಬ್ಬಿ ತಂದು, ಅದರ ತುಂಬ ಗುರೆಳ್ಳು ಚಟ್ನಿ ಹಾಕಿಸಿ ಈ ಮನೆಗೆ ಕೊಟ್ಟು ಹೋದರು. ಚಟ್ನಿ ಖಾಲಿಯಾಯಿತು, ಡಬ್ಬಿ ತೊಳೆದು ಹಲಗೆಯ ಮೇಲಿಟ್ಟೆ. ಅಷ್ಟರಲ್ಲಿ ಪಂಚಮಿ ಬಂತು, ತವರಿಗೆ ಹೋದೆ. ಇಲ್ಲಿ ನಮ್ಮ ಅತ್ತೆ ಓಣಿಗೆಲ್ಲ ಉಂಡಿ ಕಳಿಸಲು ಡಬ್ಬಿಗಳನ್ನು ಇಳಿಸಿದಾಗ ಇದು ಕೈಗೆ ಬಂತು. ಮೇಲಿದ್ದ ಹೆಸರು ಓದಿದರು. ನಮ್ಮ ಮನೆಯವರದಲ್ಲ. ಪಂಚಮಿಯ ದಿನಗಳಲ್ಲಿ ಯಾರ್‍ಯಾರ ಡಬ್ಬಿಯೋ ಯಾರ್‍ಯಾರ ಮನೆಯಲ್ಲೋ ಉಳಿಯುವುದು ಇದ್ದದ್ದೇ, ಇದೂ ಹಾಗೆ ಯಾರದೋ ಬಂದು ಉಳಿದಿದೆ ಎಂದುಕೊಂಡರು. ಒಬ್ಬರ ಡಬ್ಬಿ ಬರಿದಾಗಿ ತಿರುಗಿ ಕೊಡಬಾರದು ಎಂಬುದು ನಮ್ಮ ಅತ್ತೆಯ ನೇಮ. ಅದರ ತುಂಬ ಶೇಂಗಾ ಉಂಡಿ ಇಟ್ಟು, ಈ ಹೆಸರಿನವರು ಯಾರು ನೋಡಿ ಕೊಟ್ಟುಬಿಡಿ ಎಂದು ಮೊದಲ ಮನೆಗೆ ಕಳಿಸಿದರು. ಅವರದಲ್ಲ. ಅವರು ಎರಡನೆಯ ಮನೆಗೆ ಕಳಿಸಿದರು. ಹಾಗೆ ಡಬ್ಬಿ ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಉಂಡಿ ಎಲ್ಲಿ ಮುಗಿಯಿತೋ ಗೊತ್ತಿಲ್ಲ. ಒಬ್ಬರು ಎಳ್ಳುಂಡಿ ತುಂಬಿದರಂತೆ, ಒಬ್ಬರು ಅಳ್ಳಿಟ್ಟು ತುಂಬಿದರಂತೆ. ಆ ಹೆಸರಿನವಳು ಮಾತ್ರ ಸಿಗಲಿಲ್ಲ.

ನಾನು ತವರಿನಿಂದ ಬಂದ ದಿನ, ಬ್ಯಾಗು ಇನ್ನೂ ಕೈಯಲ್ಲೇ ಇತ್ತು, ಬಾಜೂ ಮನೆಯ ಚಾಚಿ ಬಾಗಿಲಲ್ಲಿ ನಿಲ್ಲಿಸಿ ಡಬ್ಬಿ ತೋರಿಸಿದರು.

“ಬೇಟೀ, ಈ ಹೆಸರಿನಾಕಿ ಯಾರರ ಗೊತ್ತೇನ ನಿನಗ? ಎಂಟ ದಿನಾತು, ಡಬ್ಬಿ ಓಣಿ ತಿರಗಾಕತ್ತೈತಿ. ಆಕಿ ಮಾತ್ರ ಸಿಗವಲ್ಲಳು.”

ನನಗೆ ತಕ್ಷಣ ಅರ್ಥವಾಯಿತು. ಈ ಮನೆಯವರು ಲಗ್ನಪತ್ರಿಕೆಯಲ್ಲಿ ಆ ಹೆಸರನ್ನು ಅಚ್ಚು ಹಾಕಿಸಿದವರು. ತವರಿನಲ್ಲಿ ಮಂದಿಯ ಮುಂದೆ ಎಲ್ಲರೂ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದುದರಿಂದ ಅವರ ಕಿವಿಗೆ ಅದು ಬಿದ್ದದ್ದು ಕಡಿಮೆ, ಅದು ಖರೆ. ಆದರೂ ಒಂದು ವರ್ಷ ಮೂರು ತಿಂಗಳಲ್ಲಿ ಅದು ಅವರ ನೆನಪಿನಿಂದ ಪೂರಾ ಹೋಗಿತ್ತು. ನಾನೇ ಎಂದರೆ ಓಣಿಗೆಲ್ಲ ನಗೆ, ಅತ್ತೆಗೆ ಅವಮಾನ. ಇಪ್ಪತ್ತೊಂದು ವರ್ಷದ ಸೊಸೆಗೆ ಎಷ್ಟು ಧೈರ್ಯ ಇರುತ್ತದೆ.

“ಗೊತ್ತಿಲ್ರಿ ಚಾಚಿ,” ಎಂದೆ.

ಅಂದು ರಾತ್ರಿ ಲಿಂಗಪೂಜೆಗೆ ಕೂತಾಗ ಸುಳ್ಳು ಹೇಳಿದ ಬಾಯಿಯಲ್ಲಿ ಮಂತ್ರ ಬರಲಿಲ್ಲ. ಇನ್ನೂ ಎರಡು ದಿನ ಡಬ್ಬಿ ಚಾಚಿಯ ಕಿಟಕಿಯಲ್ಲಿ ಕೂತಿತ್ತು. ನೀರು ತರಲು ಹೋಗುವಾಗ ಬರುವಾಗ ನನ್ನ ಹೆಸರು ನನಗೆ ಕಾಣುತ್ತಿತ್ತು. ಮೂರನೆಯ ದಿನ ರೊಟ್ಟಿ ಬಡಿಯುತ್ತ ಅತ್ತೆಯ ಮುಂದೆ ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಹಿಟ್ಟು ಕೊಡವಿ ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕರು.

“ಹಂಗಾರ ನಿನ್ನ ಸವತಿ ಡಬ್ಬಿ ಅನ್ನು. ನನ್ನ ಕೈಲೇ ಆಕಿಗಿ ಉಂಡಿ ಕಟ್ಟಿಸಿದ್ಯಲ್ಲ.”

ಅಂದಿನಿಂದ ಆ ಹೆಸರಿನವಳು ನನ್ನ ಸವತಿಯಾದಳು. ಅರ್ಧಕ್ಕರ್ಧ ವರ್ಷ ಸಭೆಗೆ ಹೋಗಲು ಆಗಲಿಲ್ಲ, ಹೋದಾಗಲೆಲ್ಲ ಪಾತ್ರೆ ಹಿಡಿದುಕೊಂಡು ಬಂದರೆ ಅತ್ತೆ ಕಟ್ಟೆಯ ಮೇಲೆ ಕೂತು, ಬಂದಳೇನು ನಿನ್ನ ಸವತಿ, ಈ ವರ್ಷ ಏನು ತಂದಳು ಎಂದು ಕೇಳುವುದು ರೂಢಿಯಾಯಿತು. ಮಾತಿನಲ್ಲಿ ಮುಳ್ಳಿರುತ್ತಿತ್ತು. ಎರಡನೆಯ ಮಗು ಹೆಣ್ಣಾದಾಗ, ಇದನ್ನು ಸವತಿಯೇ ಹಡೆದಿರಬೇಕು ಎಂದದ್ದು ನನಗೆ ಮರೆತಿಲ್ಲ. ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಹದಿನೇಳು ಪಾತ್ರೆಗಳಲ್ಲಿ ಒಂದನ್ನೂ ಅವರು ಯಾರಿಗೂ ಕೊಡಲಿಲ್ಲ. ಗುಜರಿ ಕೊಳ್ಳುವ ಮೋಡಕಾದವನು ಬಂದು ಹಳೆಯ ಪಾತ್ರೆ ಕೇಳಿದಾಗ ಮಾವನವರ ಹೆಸರಿದ್ದ ಪರಾತವನ್ನೇ ಎತ್ತಿ ಕೊಟ್ಟರು, ಸವತಿಯದನ್ನು ಮುಟ್ಟಲಿಲ್ಲ. ಅದೂ ಒಂದು ಕೃಪೆಯೇ.

ಅಪ್ಪ ತೀರಿದರು. ಮೂರು ವರ್ಷಕ್ಕೆ ಅವ್ವ ಹೋದಳು. ತಮ್ಮನೂ ಅವನ ಹೆಂಡತಿಯೂ ನನ್ನನ್ನು ಅಕ್ಕ ಎನ್ನುತ್ತಾರೆ, ಮಕ್ಕಳು ಅವ್ವ ಎನ್ನುತ್ತಾರೆ. ಆಗ ನನಗೆ ಹೊಳೆದದ್ದು, ಇನ್ನು ಆ ಮೂರಕ್ಷರವನ್ನು ಬಾಯಿಬಿಟ್ಟು ಕರೆಯುವ ಜಾಗ ಈ ಭೂಮಿಯ ಮೇಲೆ ಒಂದೇ ಉಳಿದಿದೆ ಎಂದು.

ಬ್ಯಾಂಕಿನಲ್ಲಿ ಹಣ ಕೊಡುವ ಕಟಕಟೆಯ ಹಿಂದೆ ಬಹಳ ವರ್ಷ ಒಬ್ಬರೇ ಕ್ಯಾಶಿಯರ್ ಇದ್ದರು. ಗಂಡಸರಿಗೆ ಹಿತ್ತಾಳೆ ಬಿಲ್ಲೆ ಕೊಟ್ಟು ನಂಬರು ಕರೆಯುತ್ತಿದ್ದರು. ಹೆಣ್ಣುಮಕ್ಕಳು ಕಡಿಮೆ ಬರುತ್ತಿದ್ದುದರಿಂದ ನಮಗೆ ಬಿಲ್ಲೆ ಇಲ್ಲ, ಸ್ಲಿಪ್ಪು ನೋಡಿ ಹೆಸರು ಹಿಡಿದೇ ಕರೆಯುವುದು. ಆ ಮೂರಕ್ಷರ ಹೇಳಿ, ಅದಕ್ಕೆ ಅಕ್ಕಾರ ಸೇರಿಸಿ, ಬರ್ರಿ ಎನ್ನುತ್ತಿದ್ದರು. ನಾನು ತಿಂಗಳಿಗೊಂದು ಸೋಮವಾರ ಮಠಕ್ಕೆ ಹೋಗಿ ಬರುವಾಗ ಬ್ಯಾಂಕು ಹೊಕ್ಕು ಬರುತ್ತಿದ್ದೆ. ಮನೆಖರ್ಚಿನಲ್ಲಿ ಮಿಕ್ಕಿದ್ದನ್ನು ಕಟ್ಟುವುದು, ಇಲ್ಲವೆ ಇದ್ದದ್ದರಲ್ಲೇ ಸ್ವಲ್ಪ ತೆಗೆಯುವುದು. ಕಟ್ಟುವುದಕ್ಕೂ ತೆಗೆಯುವುದಕ್ಕೂ ಹೇಳಿಕೊಳ್ಳುವಂಥದ್ದೇನೂ ಇರುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಕರೆಯುವುದನ್ನು ಕಾಯುತ್ತಿದ್ದೆ. ಕೆಲವು ಸಲ ಮೊದಲ ಕರೆಗೆ ಏಳುತ್ತಿರಲಿಲ್ಲ, ಇನ್ನೊಮ್ಮೆ ಕರೆಯಲಿ ಎಂದು. ಮಠಕ್ಕೆ ಹೋಗುವುದು ಮುಖ್ಯವೋ ಬ್ಯಾಂಕಿಗೆ ಹೋಗುವುದು ಮುಖ್ಯವೋ ಎಂದು ಶಿವ ಕೇಳಿದ್ದರೆ ನಾನು ತಲೆ ತಗ್ಗಿಸಬೇಕಾಗುತ್ತಿತ್ತು. ಅವನು ಕೇಳಲಿಲ್ಲ.

ಕಳೆದ ಶ್ರಾವಣದಲ್ಲಿ ಬ್ಯಾಂಕಿನಿಂದ ಕಾಗದ ಬಂತು. ಸಣ್ಣ ಬ್ಯಾಂಕು ನಡೆಸುವುದು ಇನ್ನು ಸಾಧ್ಯವಿಲ್ಲವಂತೆ, ಬೇರೆ ಊರಿನ ದೊಡ್ಡ ಬ್ಯಾಂಕಿನೊಳಗೆ ಸೇರಿಸುತ್ತಾರಂತೆ. ಯಾರೂ ತಿಂದು ಓಡಿಹೋದದ್ದಲ್ಲ, ಯಾರ ಹಣವೂ ಮುಳುಗಿದ್ದಲ್ಲ, ಶಿವ ಅಷ್ಟು ಕಾಯ್ದ. ಕೊನೆಯ ಸಭೆಗೆ ಮುಂಚೆ ಎಲ್ಲ ಸದಸ್ಯರೂ ಆಧಾರ್ ತಂದು ಹೆಸರು ಸರಿಮಾಡಿಸಿಕೊಳ್ಳಬೇಕು, ಹೆಸರು ಹೊಂದದ ಖಾತೆಗಳನ್ನು ಮುಚ್ಚಲಾಗುವುದು ಎಂದು ಬರೆದಿತ್ತು.

ನಾನು ಆಧಾರ್ ಹಿಡಿದುಕೊಂಡು ಹೋದೆ. ಕ್ಯಾಶಿಯರ್ ಈಗ ಮುದುಕರಾಗಿದ್ದಾರೆ, ಕನ್ನಡಕ ಹಣೆಗೇರಿಸಿ ಎರಡೂ ಕಾಗದ ನೋಡಿದರು. ಒಂದರ ಮೇಲೆ ಒಬ್ಬಳು, ಇನ್ನೊಂದರ ಮೇಲೆ ಇನ್ನೊಬ್ಬಳು. ಇದನ್ನು ಎಂದೋ ಸರಿಮಾಡಿಸಬೇಕಿತ್ತು, ನನಗೆ ಎರಡು ಸಲ ಹೇಳಿಯೂ ಇದ್ದರು, ನಾನು ಮುಂದಿನ ತಿಂಗಳು ಎನ್ನುತ್ತ ಬಂದಿದ್ದೆ.

“ಇಷ್ಟ ದಿನ ನಿಮ್ಮ ಮುಖಾ ನೋಡಿ ನಡಸಿದಿವ್ರಿ ಅಕ್ಕಾರ,” ಎಂದರು. “ಅಲ್ಲಿ ಕಂಪ್ಯೂಟರಿಗೆ ಮುಖಾ ಗೊತ್ತಾಗೂದಿಲ್ರಿ.”

ಹಾಗಾದರೆ ಹಳೆಯ ಹೆಸರು ತೆಗೆದೇ ಬಿಡುತ್ತೀರಾ ಎಂದು ಕೇಳಿದೆ. ನನ್ನ ದನಿ ಹೇಗಿತ್ತೋ, ಅವರು ಕನ್ನಡಕ ಇಳಿಸಿ ನೋಡಿದರು. ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್ ಮಾಡಿಸಿ ಕೊಡಿ, ಎರಡೂ ದಾಖಲಾಗುತ್ತವೆ ಎಂದರು. ದಾಖಲಾಗುತ್ತವೆ ಎಂಬ ಮಾತನ್ನು ನಾನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದೆ.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಎಪಿಎಂಸಿಯ ಅಡತಿ ಅಂಗಡಿಯೊಂದರಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿದ್ದಾರೆ, ಮಾತು ಕಡಿಮೆ. ಖಾತೆ ಮುಚ್ಚಿ ಅವರ ಖಾತೆಗೆ ಹಾಕಿಬಿಟ್ಟರೆ ಸುಲಭ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಮುಂಜಾನೆ ಇಸ್ತ್ರಿ ಅಂಗಿ ಹಾಕಿಕೊಂಡು, ನಡಿ, ಕೋರ್ಟಿನ ಕಡೆ ಹೋಗಿ ಬರೋಣ ಎಂದರು.

ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಟೇಬಲ್ಲು ಹಾಕಿಕೊಂಡು ಕೂತವರಲ್ಲಿ ಒಬ್ಬರ ಮುಂದೆ ನಿಂತೆವು. ಅವರದು ಕಂಪ್ಯೂಟರು, ಪ್ರಿಂಟರು, ಬಾಂಡ್ ಪೇಪರಿನ ಕಟ್ಟು. ಎಲ್ಲ ಕೇಳಿಕೊಂಡು, ಕೀಲಿಮಣೆಯ ಮೇಲೆ ಬೆರಳಿಟ್ಟು, ತಲೆ ಎತ್ತದೆ ಕೇಳಿದರು:

“ಖರೇ ಹೆಸರು ಯಾವದ್ರಿ, ಉರ್ಫ್ ಯಾವದು?”

ಉರ್ಫ್ ಎಂಬ ಶಬ್ದವನ್ನು ನಾನು ಪೇಪರಿನಲ್ಲಿ ಓದಿ ಬಲ್ಲೆ. ಕಳ್ಳತನದ ಸುದ್ದಿ ಬಂದಾಗ ಸಿಕ್ಕಿಬಿದ್ದವರ ಹೆಸರಾದ ಮೇಲೆ ಉರ್ಫ್ ಎಂದು ಬರೆದು ಇನ್ನೊಂದು ಹೆಸರು ಹಾಕಿರುತ್ತಾರೆ. ಒಂದು ಹೆಸರು ಖರೆಯದು, ಇನ್ನೊಂದು ಮುಖ ಮುಚ್ಚಿಕೊಳ್ಳಲು. ನನ್ನಲ್ಲಿ ಯಾವುದು ಯಾವುದು ಎಂದು ಮೂವತ್ತೈದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಯಜಮಾನರ ಕಡೆ ನೋಡಿದೆ. ಅವರು ಬೇವಿನ ಎಲೆ ಬಿದ್ದ ನೆಲ ನೋಡುತ್ತಿದ್ದರು. ಅಕ್ಕಿಯ ಮೇಲೆ ಎರಡನೆಯ ಅಕ್ಷರ ಕೆಡಿಸಿದ ಬೆರಳು ಅವರ ಕಿಸೆಯ ಅಂಚು ಹಿಡಿದಿತ್ತು.

“ಎರಡೂ ಖರೇನ ಅದಾವ್ರಿ,” ಎಂದೆ.

“ಹಂಗ ಬರಿಯಾಕ ಬರೂದಿಲ್ರಿ ಅವ್ವಾರ. ಒಂದು ಮುಂದ ಇರಬೇಕು, ಒಂದು ಹಿಂದ.”

ಹುಟ್ಟಿದ್ದು ಮೊದಲು, ಅದನ್ನೇ ಮುಂದೆ ಹಾಕಿ ಎಂದು ಕೇಳಿಕೊಂಡೆ. ಅವರು ಒಳ್ಳೆಯ ಮನುಷ್ಯ, ಬೇಸರ ಮಾಡಿಕೊಳ್ಳದೆ ತಿಳಿಸಿ ಹೇಳಿದರು. ಆಧಾರಿನಲ್ಲಿ ಇದ್ದದ್ದೇ ಮುಂದೆ ಬರಬೇಕು, ಇಲ್ಲದಿದ್ದರೆ ಬ್ಯಾಂಕಿನವರು ಒಪ್ಪುವುದಿಲ್ಲ, ಮತ್ತೆ ಬಾಂಡು, ಮತ್ತೆ ಅಡ್ಡಾಟ. ಹಿಂದೆ ಜನ ನಿಂತಿದ್ದರು. ಚಾಚಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತದ್ದು ನನ್ನ ಕಣ್ಣಿಗೆ ಕಟ್ಟಿತು. ಆಗ ಇಪ್ಪತ್ತೊಂದರ ಸೊಸೆ, ಹೆದರಿ ಗೊತ್ತಿಲ್ಲ ಎಂದಿದ್ದೆ. ಈಗ ಐವತ್ತು ದಾಟಿದೆ, ಹೆದರಿಕೆ ಯಾರದೂ ಇಲ್ಲ, ಆದರೂ ಹಾಗೇ ಮಾಡಿ ಎಂದೆ. ಹಳೆಯದು ಉರ್ಫ್‌ನ ಹಿಂದೆ ಹೋಯಿತು. ಹಿಂದಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕೆಳಗೆ ಎರಡು ಸಹಿ ಹಾಕಬೇಕಿತ್ತು, ಎರಡೂ ಹೆಸರಿನವು. ಹೊಸ ಹೆಸರಿನ ಸಹಿ ನಾನು ಮಾಡಿದ್ದು ಕಡಿಮೆ, ಮಕ್ಕಳ ಶಾಲೆಯ ಪ್ರಗತಿಪತ್ರಕ್ಕೆಲ್ಲ ಅವರ ಅಪ್ಪನೇ ಸಹಿ ಹಾಕುತ್ತಿದ್ದರು. ಬರೆಯುವಾಗ ಒಂದೊಂದೇ ಅಕ್ಷರ ನೋಡಿ ನೋಡಿ ಬರೆದೆ. ಹಳೆಯದು ಸರಸರ ಹೋಯಿತು, ಕೈಗೆ ದಾರಿ ಗೊತ್ತಿತ್ತು.

ಆ ಕಾಗದ ಬ್ಯಾಂಕಿಗೆ ಕೊಟ್ಟು ಬಂದ ಮೇಲೆ ಒಂದೂವರೆ ತಿಂಗಳು ಮನಸ್ಸು ಹಗುರವಾಗಿತ್ತು. ದೊಡ್ಡ ಬ್ಯಾಂಕಿನ ಪುಸ್ತಕದಲ್ಲಿ ಎರಡು ಹೆಸರೂ ಅಕ್ಕಪಕ್ಕ ಇರುತ್ತವೆ. ಅಪ್ಪ ಹೇಳಿದ ಹಾಗೆ ಎಲ್ಲಾದರೂ ಒಂದು ಕಡೆ. ಮುಂದೆ ನಾನು ಇಲ್ಲದಾಗಲೂ ಯಾರಾದರೂ ತೆಗೆದು ನೋಡಿದರೆ, ಇವಳಿಗೆ ಹೀಗೂ ಒಂದು ಹೆಸರಿತ್ತು ಎಂದು ತಿಳಿಯುತ್ತದೆ. ಇಷ್ಟನ್ನೇ ಶಿವನ ಹತ್ತಿರ ಬೇಡಿಕೊಂಡಿದ್ದೆ, ಜಾಸ್ತಿ ಬೇಡಿರಲಿಲ್ಲ.

ಕೊನೆಯ ಮಹಾಸಭೆ ಅದೇ ಮೇಲಿನ ಹಾಲಿನಲ್ಲಿ ನಡೆಯಿತು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟೆ. ಸದಸ್ಯರಿಗಷ್ಟೇ ಪ್ರವೇಶ, ಯಜಮಾನರು ಕೆಳಗೆ ಚಹಾ ಅಂಗಡಿಯಲ್ಲಿ ಕೂತರು. ನನ್ನ ವಾರಿಗೆಯವರು ಬಹಳ ಜನ ಇರಲಿಲ್ಲ. ಗೋಡೆಗೆ ಹಳೆಯ ಅಧ್ಯಕ್ಷರ ಫೋಟೋಗಳಿದ್ದ ಜಾಗದಲ್ಲಿ ಬಿಳಿಯ ಚೌಕಗಳು ಉಳಿದಿದ್ದವು, ಫೋಟೋಗಳನ್ನು ಆಗಲೇ ಇಳಿಸಿದ್ದರು. ಅಧ್ಯಕ್ಷರು ಮಾತಾಡುತ್ತ ನಡುವೆ ನಿಂತು ನೀರು ಕುಡಿದರು. ವಿಲೀನಕ್ಕೆ ಒಪ್ಪಿಗೆ ಇದ್ದವರು ಕೈ ಎತ್ತಿ ಎಂದಾಗ ಮುಂದಿನವರು ಎತ್ತಿದರು, ಅವರನ್ನು ನೋಡಿ ಹಿಂದಿನವರು ಎತ್ತಿದರು, ನಾನೂ ಎತ್ತಿದೆ. ಎತ್ತದೆ ಏನು ಮಾಡುವುದು. ಶಿರಾ ಎಂದಿನ ಹಾಗೆಯೇ ಇತ್ತು, ತುಪ್ಪ ಧಾರಾಳ ಹಾಕಿದ್ದರು.

ಆಮೇಲೆ ಪಾತ್ರೆ ಹಂಚುವುದು ಶುರುವಾಯಿತು. ಈ ಸಲ ಮುಚ್ಚಳದ ದೊಡ್ಡ ಡಬ್ಬಿ. ಹೆಸರು ಕರೆಯುತ್ತಿದ್ದವರು ನಮ್ಮ ಕ್ಯಾಶಿಯರೇ. ಒಬ್ಬೊಬ್ಬರೇ ಎದ್ದು ಹೋಗಿ, ಡಬ್ಬಿ ತೆಗೆದುಕೊಂಡು, ಮೇಲಿನ ಹೆಸರು ನೋಡಿಕೊಂಡು ಬರುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಕೂತೆ. ಈ ಹಾಲಿನಲ್ಲಿ ಇದು ಕೊನೆಯ ಸಲ, ಎರಡನೆಯ ಕರೆಗೆ ಕಾಯಬಾರದು, ಮೊದಲ ಕರೆಗೇ ಏಳಬೇಕು ಎಂದುಕೊಂಡಿದ್ದೆ.

ಅವರು ಒಂದು ಹೆಸರು ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಬಾಜೂ ಕುರ್ಚಿಯವರು ಹಿಂದೆ ತಿರುಗಿ ನೋಡಿದರು, ನಾನೂ ಅವರ ಜೊತೆ ಹಿಂದೆ ತಿರುಗಿ ನೋಡಿದೆ, ಯಾರಪ್ಪಾ ಅದು ಏಳುತ್ತಿಲ್ಲ ಎಂದು. ಮೂರನೆಯ ಸಲ ಕರೆಯದೆ ಕ್ಯಾಶಿಯರ್ ಡಬ್ಬಿ ಹಿಡಿದುಕೊಂಡು ಕುರ್ಚಿಗಳ ನಡುವಿನಿಂದ ನಡೆದು ಬಂದು ನನ್ನ ಮುಂದೆ ನಿಂತರು.

“ನಿಮ್ಮನ್ನ ಕರ್‍ಯಾಕತ್ತೇನ್ರಿ ಅಕ್ಕಾರ,” ಎಂದು ಮೆಲ್ಲಗೆ ಹೇಳಿದರು.

ಆಗ ಕಿವಿ ತೆರೆಯಿತು. ಅವರು ಕರೆದದ್ದು ನನ್ನ ಗಂಡನ ಮನೆಯ ಹೆಸರು. ಮನೆಯಲ್ಲಿ, ಓಣಿಯಲ್ಲಿ, ಮಠದಲ್ಲಿ ಎಲ್ಲಿ ಕರೆದರೂ ತಿರುಗುವ ನಾನು, ಆ ಹಾಲಿನಲ್ಲಿ ಅದನ್ನು ಇನ್ನೊಬ್ಬಳ ಹೆಸರು ಎಂದುಕೊಂಡು ಕೂತಿದ್ದೆ.

ಡಬ್ಬಿಯ ಮೇಲೆ ಅದೊಂದೇ ಇತ್ತು. ಉರ್ಫ್ ಇರಲಿಲ್ಲ, ಉರ್ಫ್‌ನ ಹಿಂದಿನದೂ ಇರಲಿಲ್ಲ. ಪಟ್ಟಿ ಆ ಕಡೆಯ ಕಂಪ್ಯೂಟರಿನಿಂದ ಬಂದದ್ದು, ಒಬ್ಬರಿಗೆ ಒಂದೇ ಹೆಸರಿಗೆ ಅದರಲ್ಲಿ ಜಾಗ ಎಂದು ಅವರು ಹೇಳಿದರು. ನನ್ನ ಅಫಿಡವಿಟ್ ಏನಾಯಿತು ಎಂದು ಕೇಳಿದೆ. ಫೈಲಿನಲ್ಲಿದೆ ಎಂದರು. ಫೈಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಒಂದು ಗಳಿಗೆ ಅವರು ಅಲ್ಲೇ ನಿಂತರು. ಕಟಕಟೆಯ ಹಿಂದಿನಿಂದ ಕರೆಯುತ್ತಿದ್ದ ಹಾಗೆ ಒಂದು ಸಲ ಕರೆಯುತ್ತಾರೇನೋ ಎಂದು ನಾನು ಮುಖ ಎತ್ತಿದೆ. ಮುಂದಿನಿಂದ ಯಾರೋ ಅವರನ್ನು ಕೂಗಿದರು. ಬರ್ತೇನ್ರಿ ಎಂದು ಹೋದರು.

ಚಹಾ ಅಂಗಡಿಯಲ್ಲಿ ಯಜಮಾನರು ಡಬ್ಬಿ ಇಸಿದುಕೊಂಡು ಮೇಲಿನ ಹೆಸರು ಓದಿದರು. ಆಟೋದಲ್ಲಿ ಕೂತ ಮೇಲೆ ಹೇಳಿದರು:

“ಪಾತ್ರೆ ಅಂಗಡಿ ಮುಂದ ಹೆಸರು ಹಾಕೋ ಕಾಕಾ ಇನ್ನೂ ಕುಂದರ್ತಾನ. ನಾಳೆ ಒಯ್ದು ಆ ಹೆಸರು ಹಾಕಿಸಿಕೊಂಡು ಬರ್ತೇನಿ.”

ಬೇಡ ಎಂದೆ. ಕಾಕಾ ಏನು ಕೇಳಿದರೆ ಅದನ್ನು ಕೊರೆದು ಕೊಡುತ್ತಾನೆ, ಆ ಹೆಸರಿನವಳು ಇದ್ದಾಳೋ ಇಲ್ಲವೋ ಎಂದು ಕೇಳುವುದಿಲ್ಲ. ನನಗೆ ಬೇಕಾದದ್ದು ಪಾತ್ರೆಯ ಮೇಲಿನ ಅಕ್ಷರವಲ್ಲ, ಬೇರೆಯವರ ಪುಸ್ತಕದಲ್ಲಿ ಇದ್ದದ್ದು. ಅದನ್ನು ಅವರಿಗೆ ಬಿಡಿಸಿ ಹೇಳಲಿಲ್ಲ. ಅವರು ಕೇಳಿದರಲ್ಲ, ಅಷ್ಟನ್ನು ಕೈಮುಗಿದು ತೆಗೆದುಕೊಂಡೆ.

ಅತ್ತೆಗೆ ಈಗ ಎಂಬತ್ತೆಂಟು. ಕಣ್ಣು ಹೋಗಿ ನಾಲ್ಕು ವರ್ಷವಾಯಿತು, ಬೆಳಕು ಕತ್ತಲು ಅಷ್ಟೇ ತಿಳಿಯುತ್ತದೆ. ಪಾತ್ರೆಗಳ ಮೇಲೆ ಬೆರಳಾಡಿಸಿ ಯಾರದೆಂದು ಹೇಳುತ್ತಾರೆ, ತಪ್ಪುವುದಿಲ್ಲ. ಕೊರೆದ ಅಕ್ಷರದ ಚುಕ್ಕಿಗಳು ಅವರ ಬೆರಳಿಗೆ ಪಾಠವಾಗಿವೆ. ಕಟ್ಟೆಯ ಮೇಲೆ ಕೂತಿದ್ದರು, ನನ್ನ ಹೆಜ್ಜೆಯ ಸಪ್ಪಳ ಕೇಳಿ ಎಂದಿನ ಹಾಗೆ ಕೇಳಿದರು:

“ಬಂದ್ಲೇನವಾ ನಿನ್ನ ಸವತಿ?”

ಡಬ್ಬಿಯನ್ನು ಅವರ ಮಡಿಲಲ್ಲಿಟ್ಟೆ. ಬೆರಳಾಡಿಸಿದರು. ನಿಲ್ಲಿಸಿ ಮತ್ತೆ ಮೊದಲಿನಿಂದ ಆಡಿಸಿದರು.

“ಇದು ಆಕಿದಲ್ಲ. ನಿಂದು.”

“ಹೌದ್ರಿ ಅತ್ತಿ.”

“ಆಕಿ?”

“ಇನ್ನ ಮ್ಯಾಲೆ ಬರೂದಿಲ್ರಿ.”

ಅವರು ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. ಓಣಿಯಲ್ಲಿ ನೀರಿನ ಟ್ಯಾಂಕರು ಬಂದು ಹೋಯಿತು.

“ನನ್ನ ಸವತಿ ಅಕ್ಕಿ ಪರಾತದಾಗ ಅಂದಽ ಹೋದ್ಲು,” ಎಂದರು. “ಆಕಿಗಿ ಡಬ್ಬಿ ಕೊಡೋ ಬ್ಯಾಂಕ ಇದ್ದಿಲ್ಲ.”

ಮೂವತ್ತೈದು ವರ್ಷ ಅವರ ಜೊತೆ ಒಂದೇ ಒಲೆಯ ಮುಂದೆ ಕೂತವಳು ನಾನು. ನನ್ನ ಹೆಸರು ಮರೆತರಲ್ಲ ಎಂದು ಒಳಗೊಳಗೆ ಎಷ್ಟೋ ಸಲ ನೊಂದವಳು. ಅವರಿಗೂ ಒಂದು ಇದ್ದಿರಬೇಕು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಏನಿತ್ತು ಎಂದು ಕೇಳಿದೆ. ಹೇಳಿದರು. ಅವರ ತವರು ಮುಗದದ ಕಡೆಯ ಹಳೆಯ ಕಾಲದ ಹೆಸರು, ಈಗ ಯಾರೂ ಮಕ್ಕಳಿಗೆ ಇಡುವುದಿಲ್ಲ. ಹೇಳುವಾಗ ಅವರ ನಾಲಿಗೆ ಸ್ವಲ್ಪ ತಡವರಿಸಿತು. ಯಾರ ಮುಂದೂ ಹೇಳಬೇಡ, ನಗುತ್ತಾರೆ ಎಂದರು. ನಾನು ಆ ಹೆಸರು ಹಿಡಿದು ಮೆಲ್ಲಗೆ ಒಂದು ಸಲ ಕರೆದೆ, ಅತ್ತೆಯನ್ನು ಹೆಸರು ಹಿಡಿದು ಕರೆಯುವುದು ಪಾಪವೆಂದು ಗೊತ್ತಿದ್ದೂ. ಅವರು ಓಗೊಡಲಿಲ್ಲ. ಆ ಹೆಸರಿಗೆ ಓಗೊಡುವುದು ಅವರಿಗೆ ಮರೆತಿತ್ತು ಎಂದು ಕಾಣುತ್ತದೆ. ಡಬ್ಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

ಸಂಜೆ ಡಬ್ಬಿ ತೊಳೆದು, ಒರೆಸಿ, ಅಕ್ಕಿ ತುಂಬಿ ಕೆಳಗಿನ ಹಲಗೆಯಲ್ಲಿಟ್ಟೆ. ಹದಿನೇಳರ ಸಾಲಿನಲ್ಲಿ ಇಡಲು ಮನಸ್ಸಾಗಲಿಲ್ಲ. ಬ್ಯಾಂಕಿನ ಬಾಗಿಲಿಗೆ ಈಗ ಹೊಸ ಬೋರ್ಡು ಬಂದಿದೆ, ಒಳಗೆ ಎಲ್ಲರಿಗೂ ನಂಬರಿನ ಚೀಟಿ, ಗೋಡೆಯ ಮೇಲೆ ಕೆಂಪು ಅಂಕಿ ಹೊಳೆಯುತ್ತದೆ. ನಾನು ಒಂದು ಸಲ ಹೋಗಿ ಬಂದೆ. ಸೋಮವಾರ ಮಠದಿಂದ ನೇರ ಮನೆಗೇ ಬರುತ್ತೇನೆ.

ಬರುವ ಪಂಚಮಿಗೆ ಉಂಡಿ ಕಟ್ಟಬೇಕು. ಈ ಹೊಸ ಡಬ್ಬಿಯನ್ನೇ ಓಣಿಗೆ ಕಳಿಸಬಹುದು. ಯಾರ ಮನೆಯಲ್ಲಿ ಉಳಿದರೂ ಅವರು ಹೆಸರು ಓದಿ, ಒಂದಿಷ್ಟು ಏನಾದರೂ ತುಂಬಿ, ಅದೇ ದಿನ ನಮ್ಮ ಬಾಗಿಲಿಗೆ ತಂದು ಕೊಡುತ್ತಾರೆ. ಇವಳು ಯಾರು ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ.